ಸಬಲೇಗಿ ಧಣಿಗೆ ಕಟ್ಟಿಕೊಟ್ಟ ನೆಲಮಾಳಿಗೆ

ನನ್ನ ಅಣ್ಣ ಸೆಲ್ಸೊ ಸತ್ತಿದ್ದು 1938ರ ಮಾರ್ಚ್‌ನಲ್ಲಿ, ದ್ರಾಕ್ಷಿ ಕೊಯ್ಲು ಶುರುವಾದ ವಾರ. ಲುಹಾನ್‌ನ ಧಣಿ ದೊನ್ ಇಲಾರಿಯೊ ಸಬಲೇಗಿಯ ವೈನ್ ಕಾರ್ಖಾನೆಯಲ್ಲಿ ಹೊಸದಾಗಿ ಕಟ್ಟಿದ್ದ ನೆಲಮಾಳಿಗೆಯ ಇಟ್ಟಿಗೆ ಕಮಾನು ಕುಸಿದುಬಿತ್ತು. ಕೆಳಗೆ ನಿಂತು ಕಮಾನಿಗೆ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಮರ ಬಿಚ್ಚುತ್ತಿದ್ದ ಮೂವರಲ್ಲಿ ಇಬ್ಬರು ಅಲ್ಲೇ ಹೋದರು. ಮೂರನೆಯವನ ಒಂದು ಕಾಲು ಹೋಯಿತು. ಸೆಲ್ಸೊಗೆ ಆಗ ಹತ್ತೊಂಬತ್ತು ವರ್ಷ, ನನಗೆ ಹನ್ನೊಂದು.

ಸುಣ್ಣದ ಗಾರೆಯಲ್ಲಿ ಕಟ್ಟಿದ ಕಮಾನಿಗೆ ಕಡಿಮೆಯೆಂದರೂ ನಾಲ್ಕು ವಾರ ಮರದ ಆಸರೆ ಬೇಕು. ಅವತ್ತಿಗೆ ಹತ್ತು ದಿನವಷ್ಟೇ ಆಗಿತ್ತು. ಮರ ಬಿಚ್ಚಿಸಿದ್ದು ಮೇಸ್ತ್ರಿಯೇ ಎಂದು ಧಣಿ ಪೊಲೀಸರಿಗೆ ಹೇಳಿಕೆ ಕೊಟ್ಟ. ಆ ಮೇಸ್ತ್ರಿಯ ಹೆಸರು ತುಲ್ಲಿಯೊ ಮಾತ್ತಿಯುಸ್ಸಿ, ಇಟಲಿಯಿಂದ ಬಂದು ನಮ್ಮ ಮೆಂದೋಸಾ ಪ್ರಾಂತದಲ್ಲಿ ನೆಲೆ ನಿಂತವನು. ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದ. ಹೊರಗೆ ಬಂದ ಮೇಲೆ ಯಾರೂ ಅವನ ಕೈಗೆ ಕರಣೆ ಕೊಡಲಿಲ್ಲ. ಬೇರೆ ಮೇಸ್ತ್ರಿಗಳ ಕೆಳಗೆ ಸುಣ್ಣ ಕಲಸುತ್ತಾ ಐದು ವರ್ಷ ತಳ್ಳಿದ. ಒಂದು ಮಧ್ಯಾಹ್ನ ಸುಣ್ಣದ ಗುಂಡಿಯ ಪಕ್ಕ ಕೂತವನು ಮತ್ತೆ ಏಳಲಿಲ್ಲ. ಸುದ್ದಿ ತಿಳಿದಾಗ ನಮ್ಮಮ್ಮ ಶಿಲುಬೆ ಗುರುತು ಮಾಡಿಕೊಂಡು, "ದೇವರಿದ್ದಾನೆ" ಅಂದಳು. ನಾನೂ ಹಾಗೇ ಅಂದುಕೊಂಡೆ.

ನಾನೂ ಗಾರೆ ಕೆಲಸಕ್ಕೇ ಬಿದ್ದೆ. ನನಗೆ ಮೂವತ್ತು ತುಂಬಿದ ವರ್ಷ, ಮೈಪು ರಸ್ತೆಯ ಒಂದು ಕಟ್ಟಡದಲ್ಲಿ ಇಟ್ಟಿಗೆ ಇಡುತ್ತಿದ್ದಾಗ ಒಬ್ಬ ಹೆಂಗಸು ಬಂದು ಕೆಳಗೆ ನಿಂತಳು. ಪ್ಯಾಂಟು, ದೂಳು ಹಿಡಿದ ಬೂಟು, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್ಲು. ಕಟ್ಟಡ ಶಾಲೆಯ ಪರೀಕ್ಷೆ ಪಾಸು ಮಾಡಿ, ನಕ್ಷೆಗೆ ಸಹಿ ಹಾಕುವ ಅಧಿಕಾರ ಪಡೆದ ಹೆಂಗಸರು ಆಗ ನಮ್ಮ ಪ್ರಾಂತದಲ್ಲಿ ಬೆರಳೆಣಿಕೆಯಷ್ಟು. ಎಲ್ಲರೂ ಗೌರವದಿಂದ ದೊನ್ಯಾ ಎನ್ನುತ್ತಿದ್ದ ಒತೀಲಿಯಾ ಲುಸೇರೊ ಎಂಬವಳ ಹೆಸರು ಕೇಳಿದ್ದೆ. ಮುಖ ನೋಡಿದ್ದು ಅವತ್ತೇ.

"ಸಾತುರ್ನೀನೊ ಅಂದ್ರೆ ನೀನೇನಾ?"

"ಹೌದು. ಏನಾಗಬೇಕಿತ್ತು?"

"ಕಮಾನು ಕಟ್ಟೋಕೆ ಕೈ ಚೆನ್ನಾಗಿದೆ ಅಂದ್ರು. ನನ್ನ ಹತ್ರ ಕೆಲಸಕ್ಕೆ ಬಾ. ಬರೋ ಮುಂಚೆ ಒಂದು ವಿಷಯ ತಿಳ್ಕೋ. ಲುಸೇರೊ ನನ್ನ ಗಂಡನ ಹೆಸರು. ನಾನು ತುಲ್ಲಿಯೊ ಮಾತ್ತಿಯುಸ್ಸಿ ಮಗಳು."

ನಾನು ಕರಣೆಯನ್ನು ಗಾರೆಯ ಬಾಣಲೆಗೆ ಎಸೆದೆ. "ಹೋಗಮ್ಮಾ ಇಲ್ಲಿಂದ. ನಾನು ಏನಾದ್ರೂ ಅಂದುಬಿಡೋಕೆ ಮುಂಚೆ ಹೋಗು."

"ಅನ್ನು. ಅಂದಮೇಲೆ ನಾನು ಹೇಳೋದನ್ನೂ ಕೇಳು. ಅವತ್ತು ಅಪ್ಪನಿಗೆ ಬುತ್ತಿ ತಗೊಂಡು ಹೋಗಿದ್ದೆ, ಹದಿನಾಲ್ಕು ವರ್ಷದವಳು. ಅಪ್ಪ ಇರಲಿಲ್ಲ, ಇಟ್ಟಿಗೆ ಭಟ್ಟಿಗೆ ಹೋಗಿದ್ದ. ಧಣಿ ಮೆಟ್ಟಿಲ ಮೇಲೆ ನಿಂತ್ಕೊಂಡು 'ಕೊಯ್ಲು ಬಂತು, ಆ ಇಟಲಿಯವನು ಬರೋವರೆಗೆ ಕಾಯೋಕಾಗಲ್ಲ, ಬಿಚ್ರೋ' ಅಂದ. ನಿಮ್ಮಣ್ಣ 'ಮೇಸ್ತ್ರಿ ಬೈತಾರೆ ಧಣಿ' ಅಂದ. ಇದನ್ನೇ ಪೊಲೀಸಿನವನಿಗೆ ಹೇಳಿದೆ. ಅವನು ನನ್ನ ತಲೆ ಸವರಿ, ಮನೆಗೆ ಹೋಗು ಪುಟ್ಟಿ ಅಂದ."

ನಾನು ನಂಬಲಿಲ್ಲ. ನಂಬು ಎಂದು ಅವಳು ಗೋಗರೆಯಲೂ ಇಲ್ಲ. ಭಾನುವಾರ ತನ್ನ ಲಾರಿಯಲ್ಲಿ ನನ್ನನ್ನು ಕೂರಿಸಿಕೊಂಡು ಲವಾಯೆ ಕಡೆಯ ಮರಳುಗಾಡಿಗೆ ಹೋದಳು. ಅಲ್ಲಿ ಒಂದು ಇಟ್ಟಿಗೆ ಮನೆಯ ಮುಂದೆ ಕಾಲು ಕಳೆದುಕೊಂಡ ಅಬುಂದಿಯೊ ಆಡು ಮೇಯಿಸಿಕೊಂಡು ಕೂತಿದ್ದ. ಕಾಲು ಹೋದ ವರ್ಷ ಆ ಮನೆ ಕಟ್ಟಿಸಿಕೊಟ್ಟಿದ್ದು ಧಣಿ. ನನ್ನ ಮುಖದಲ್ಲಿ ಅಣ್ಣನ ಹೋಲಿಕೆ ಕಂಡಿತೋ ಏನೋ, ಅವನು ನಾನು ಬಾಯಿ ತೆಗೆಯುವ ಮೊದಲೇ ಅಳತೊಡಗಿದ.

"ಧಣಿಯೇ ಕಣಪ್ಪಾ ಬಿಚ್ಚಿಸಿದ್ದು. ಆಸ್ಪತ್ರೆಗೆ ಬಂದು, ಬಾಯಿ ಬಿಟ್ರೆ ಇನ್ನೊಂದು ಕಾಲೂ ಇರಲ್ಲ ಅಂದ. ಹೆಂಡ್ತಿ ಬಸುರಿ. ನಾನೇನು ಮಾಡ್ಲಿ, ನೀನೇ ಹೇಳು."

ವಾಪಸು ಮನೆ ಹತ್ತಿರ ಬಂದಾಗ ನಾನು, "ಅವನನ್ನ ಕೊಂದುಬಿಡ್ತೀನಿ" ಅಂದೆ. "ಕೊಂದ್ರೆ ಒಂದೇ ದಿನಕ್ಕೆ ಮುಗಿದುಹೋಗುತ್ತೆ. ನಮ್ಮಪ್ಪ ಸಾಯೋಕೆ ಐದು ವರ್ಷ ಹಿಡೀತು" ಅಂದಳು ಒತೀಲಿಯಾ.

ಸೋಮವಾರ ಅವಳ ಕೆಲಸಕ್ಕೆ ಸೇರಿದೆ.

ಆಮೇಲಿನ ಆರು ವರ್ಷ ನಾವು ಕಟ್ಟಿದ್ದೆಲ್ಲ ನೆಲಮಾಳಿಗೆಗಳೇ. ಜಾಗ ಗೊತ್ತು ಮಾಡುವ ಮೊದಲು ಅವಳು ಎರಡಾಳುದ್ದದ ಗುಂಡಿ ತೋಡಿಸಿ, ಥರ್ಮಾಮೀಟರು ಇಳಿಬಿಟ್ಟು ಮೂರು ತಿಂಗಳು ಕಾಯುತ್ತಿದ್ದಳು. ಕಾಲುವೆ ಎಷ್ಟು ದೂರ, ನೀರು ಬಿಟ್ಟ ದಿನ ಮಣ್ಣು ಎಲ್ಲಿಯವರೆಗೆ ಒದ್ದೆಯಾಗುತ್ತದೆ, ಗಟ್ಟಿ ಸುಣ್ಣಗಲ್ಲಿನ ಪದರ ಎಲ್ಲಿ ಸಿಗುತ್ತದೆ, ಎಲ್ಲ ನೋಡುತ್ತಿದ್ದಳು. ಭೂಮಿ ಆಗಾಗ ನಡುಗುವ ಊರು ನಮ್ಮದು. ಅದಕ್ಕೇ ಕಮಾನಿನ ಬುಡವನ್ನು ಆನೆಕಾಲಿನಷ್ಟು ದಪ್ಪ ಇಡುತ್ತಿದ್ದಳು. ಗಾಳಿಗೂಡುಗಳ ಬಾಯಿ ಯಾವಾಗಲೂ ದಕ್ಷಿಣಕ್ಕೆ, ನಮ್ಮಲ್ಲಿ ತಂಪು ಬೀಸುವುದು ಆ ಕಡೆಯಿಂದ. ಪಶ್ಚಿಮದ ಬೆಟ್ಟ ಇಳಿದು ಬರುವ ಸೊಂದಾ ಗಾಳಿ ಒಲೆಯ ಬಾಯಿಂದ ಬಂದಂತಿರುತ್ತದೆ. ಅದು ಒಳಗೆ ಹೊಕ್ಕರೆ ವೈನ್‌ನ ಕಥೆ ಮುಗಿಯಿತು.

"ಮೇಲೆ ಬೇಸಿಗೆನೋ ಚಳಿಗಾಲನೋ ಅನ್ನೋದು ಕೆಳಗಿರೋ ಬಾಟಲಿಗೆ ಗೊತ್ತೇ ಆಗಬಾರದು ಸಾತು" ಎನ್ನುತ್ತಿದ್ದಳು. ಅವಳ ಮಾಳಿಗೆಗಳಲ್ಲಿ ಗೊತ್ತಾಗುತ್ತಲೂ ಇರಲಿಲ್ಲ.

ಹೆಸರು ಹಬ್ಬಿತು. 1963ರಲ್ಲಿ ಸಬಲೇಗಿಯಿಂದಲೇ ಕರೆ ಬಂತು.

ಧಣಿಗೆ ಆಗ ಅರವತ್ತು ದಾಟಿತ್ತು. ಬಿಳಿ ಮೀಸೆ, ಬೆಳ್ಳಿ ಹಿಡಿಯ ಬೆತ್ತ. ಹಳೆಯ ಮಾಳಿಗೆ ಕುಸಿದ ಜಾಗದಲ್ಲಿ ಗುಲಾಬಿ ತೋಟ ಮಾಡಿಸಿದ್ದ. ಕಾರ್ಖಾನೆಗೆ ಎಪ್ಪತ್ತೈದು ತುಂಬುವ ವರ್ಷಕ್ಕೆ ಒಂದು ವಿಶೇಷ ವೈನ್ ಹೊರತರಬೇಕು, ಐದು ವರ್ಷ ನೆಲದಡಿ ಮಾಗಿಸಿ ರಾಜಧಾನಿ ಬ್ಯೂನಸ್ ಐರಿಸ್‌ನ ದೊಡ್ಡವರಿಗೆಲ್ಲ ಕುಡಿಸಬೇಕು, ಅದಕ್ಕೆ ದೇಶದಲ್ಲೇ ಇಲ್ಲದಂಥ ಮಾಳಿಗೆ ಬೇಕು ಎಂಬುದು ಅವನ ಆಸೆ. ಒತೀಲಿಯಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಗುರುತು ಹತ್ತಲಿಲ್ಲ. ನನ್ನ ಕಡೆ ನೋಡಲೇ ಇಲ್ಲ.

ಮೂರು ತಿಂಗಳ ಮೇಲೆ ಅವಳು ನಕ್ಷೆ ಹಾಸಿದಳು. ನನ್ನ ಜೀವಮಾನದಲ್ಲಿ ನಾನು ಕಂಡ ಅತ್ಯುತ್ತಮ ನಕ್ಷೆ ಅದು. ಪಾಪ್ಲರ್ ಮರಗಳ ನೆರಳಲ್ಲಿ, ಒಂಬತ್ತು ಮೀಟರ್ ಆಳ, ಕಮಾನಿನ ಮೇಲೆ ನಾಲ್ಕು ಮೀಟರ್ ಮಣ್ಣು.

"ನಲವತ್ತೈದು ಮೆಟ್ಟಿಲಾ? ಬಂದ ಅತಿಥಿಗಳು ಇಳಿಯೋದ್ರಲ್ಲೇ ಸುಸ್ತಾಗಿ ಬಿದ್ದುಹೋಗ್ತಾರೆ. ಮೂವತ್ತು ಸಾಕು" ಎಂದ ಧಣಿ.

"ಮೂವತ್ತಾದ್ರೆ ಮೇಲೆ ಒಂದೇ ಮೀಟರ್ ಮಣ್ಣು ಉಳಿಯುತ್ತೆ, ದೊನ್ ಇಲಾರಿಯೊ."

"ಉಳೀಲಿ ಬಿಡಿ. ಮತ್ತೆ ಆ ಮರಗಳ ಹಿಂದೆ ಯಾರಿಗೆ ಕಾಣುತ್ತೆ ಇದು? ಮುಂದಿನ ಅಂಗಳದ ಕೆಳಗೆ ಬರಲಿ. ಅಂಗಳಕ್ಕೆ ಕಲ್ಲು ಹಾಸಿಸ್ತೀನಿ, ಕಾರುಗಳು ನಿಲ್ಲೋ ಹಾಗೆ. ನಡುವೆ ಒಂದು ಗಾಜಿನ ಚಾವಣಿ. ಮೇಲಿಂದ ಬಗ್ಗಿ ನೋಡಿದ್ರೆ ನನ್ನ ಬಾಟಲಿಗಳು ಮಿರಮಿರ ಮಿಂಚಬೇಕು."

ಅಂಗಳಕ್ಕೆ ದಿನವಿಡೀ ಬಿಸಿಲು ಬೀಳುತ್ತಿತ್ತು. ನಾನು ಒತೀಲಿಯಾಳ ಮುಖ ನೋಡಿದೆ. ಅವಳು ಪೆನ್ಸಿಲ್ಲನ್ನು ಕಿವಿಯಿಂದ ತೆಗೆದಳು.

"ನಿಮ್ಮಿಷ್ಟ."

"ಗಾಳಿಗೂಡು ಈ ದಕ್ಷಿಣದ ಕಡೆ ಬೇಡ. ಊಟದ ಮನೆ ಕಿಟಕಿಗೆ ಅಡ್ಡ ಬರುತ್ತೆ. ಪಶ್ಚಿಮಕ್ಕೆ ತಿರುಗಿಸಿ."

"ನಿಮ್ಮಿಷ್ಟ."

"ಕೆಳಗೆ ರುಚಿ ನೋಡೋ ಕೋಣೇಲಿ ಒಂದು ಅಗ್ಗಿಷ್ಟಿಕೆ ಇರಲಿ."

"ನಿಮ್ಮಿಷ್ಟ, ದೊನ್ ಇಲಾರಿಯೊ. ಬದಲಾಯಿಸಿದ ಕಡೆಯೆಲ್ಲ ಒಂದೊಂದು ಸಹಿ ಹಾಕಿಬಿಡಿ, ಕೆಲಸದವರಿಗೆ ಗೊಂದಲ ಆಗಬಾರದು."

ಅವನು ಖುಷಿಯಿಂದ ಸಹಿ ಹಾಕಿದ. "ನೋಡಿ, ಹೆಂಗಸರ ಜೊತೆ ಕೆಲಸ ಮಾಡೋದು ಎಷ್ಟು ಸುಲಭ. ಗಂಡಸರಾಗಿದ್ರೆ ನನ್ನ ಜೊತೆ ವಾದಕ್ಕೆ ನಿಲ್ಲೋರು" ಎಂದು ನಕ್ಕ.

ಲಾರಿ ಹತ್ತಿದ ಮೇಲೆ ನಾನು ಕೇಳಿದೆ: "ಮೊದಲಿನ ನಕ್ಷೆಗೇ ಅವನು ಒಪ್ಪಿದ್ದಿದ್ರೆ?"

"ಒಪ್ಪಿದ್ರೆ ಅದನ್ನೇ ಕಟ್ಟಿಕೊಡ್ತಿದ್ದೆ. ಆಣೆ ಇಟ್ಟು ಹೇಳ್ತೀನಿ. ಅವನು ಒಪ್ಪಲ್ಲ ಅಂತ ನಂಗೆ ಗೊತ್ತಿತ್ತು ಅಷ್ಟೇ. ಮೇಸ್ತ್ರಿ ಮಾತು ಕೇಳೋ ಜಾತಿ ಅಲ್ಲ ಅದು."

"ಇಷ್ಟೆಲ್ಲ ಯಾಕೆ ದೊನ್ಯಾ? ಕಮಾನೇ ಅವನ ತಲೆ ಮೇಲೆ ಬೀಳೋ ಹಾಗೆ ಕಟ್ಟಿಬಿಡೋಣ. ನಾನೇ ಗಾರೆಯಲ್ಲಿ ಮರಳು ಜಾಸ್ತಿ ಹಾಕ್ತೀನಿ."

ಅವಳು ಗಾಡಿ ನಿಲ್ಲಿಸಿಬಿಟ್ಟಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. "ಕಮಾನು ಬೀಳಬಾರದು! ಒಂದು ಇಟ್ಟಿಗೆ ಕೂಡ ಬೀಳಬಾರದು. ಮಾತ್ತಿಯುಸ್ಸಿ ಕಮಾನು ಬೀಳುತ್ತೆ ಅಂತಾನೇ ಅಲ್ವಾ ಊರೆಲ್ಲ ಅಂದಿದ್ದು? ಅದು ಇನ್ನೂರು ವರ್ಷ ನಿಲ್ಲಬೇಕು. ಅದರೊಳಗೆ ಅವನ ವೈನ್ ಸಾಯಬೇಕು."

ಹಾಗೇ ಕಟ್ಟಿದೆವು. ಒಂದೊಂದು ಇಟ್ಟಿಗೆಯನ್ನೂ ನೀರಲ್ಲಿ ನೆನೆಸಿ, ತಟ್ಟಿ ಸದ್ದು ಕೇಳಿ ಇಟ್ಟೆ. ಕಮಾನು ಮುಚ್ಚಿದ ಹತ್ತನೆಯ ದಿನ ಧಣಿ ಬೆತ್ತ ಕುಟ್ಟುತ್ತಾ ಬಂದ.

"ನಾಳೆ ಪತ್ರಿಕೆಯವರು ಫೋಟೊಗೆ ಬರ್ತಾರೆ. ಈ ಮರ ಎಲ್ಲ ಬಿಚ್ಚಿಸಿಬಿಡಿ."

ನಾನು ರಸಮಟ್ಟ ಕೆಳಗಿಟ್ಟು ಎದ್ದೆ. ಒತೀಲಿಯಾ ಸೆಂಟ್ರಿಂಗ್ ಕಂಬಗಳ ನಡುವೆ ಹೋಗಿ ನಿಂತಳು.

"ಆಗಲ್ಲ."

"ಏನಂದ್ರಿ?"

"ಇನ್ನೂ ಹದಿನೆಂಟು ದಿನ ಆಗಬೇಕು. ಇದೊಂದರಲ್ಲಿ ನಿಮ್ಮಿಷ್ಟ ನಡೆಯಲ್ಲ. ಬಿಚ್ಚಿಸೋದಾದ್ರೆ ನಾನು ಇಲ್ಲೇ ನಿಂತಿರ್ತೀನಿ, ಬಿಚ್ಚಿಸಿ."

ಧಣಿ ತುಸು ಹೊತ್ತು ಗುರಾಯಿಸಿದ, ಆಮೇಲೆ ಭುಜ ಕುಣಿಸಿದ. "ಹಿಂದೆ ಒಬ್ಬ ಇಟಲಿಯವನೂ ಹೀಗೇ ನಾಲ್ಕು ವಾರ, ನಾಲ್ಕು ವಾರ ಅಂತ ಬಡ್ಕೋತಿದ್ದ. ಕೈಲಾಗದವನು. ಅವನು ಕಟ್ಟಿದ್ದು ಒಂದು ತಿಂಗಳು ಕೂಡ ನಿಲ್ಲಲಿಲ್ಲ." ಬೆತ್ತ ಬೀಸುತ್ತಾ ಹೊರಟುಹೋದ.

ಒತೀಲಿಯಾ ಕಂಬವನ್ನು ಹಿಡಿದುಕೊಂಡೇ ಇದ್ದಳು. ನಾನು ನೀರು ತಂದುಕೊಟ್ಟೆ. ಕುಡಿಯಲಿಲ್ಲ.

ಮಾರನೆಯ ವರ್ಷ ಮಾಳಿಗೆ ತುಂಬಿತು. ಮೂವತ್ತು ಸಾವಿರ ಬಾಟಲಿ, ಕಾರ್ಖಾನೆಯ ಅತ್ಯುತ್ತಮ ಮಾಲ್ಬೆಕ್ ದ್ರಾಕ್ಷಿಯ ಕೆಂಪು ವೈನ್. ಮಾಡಿದವನು ಎವಾರಿಸ್ತೊ. ಹದಿನೆಂಟು ವರ್ಷದಿಂದ ಅಲ್ಲಿ ವೈನ್ ನೋಡಿಕೊಳ್ಳುತ್ತಿದ್ದ ಸಣಕಲು ಮನುಷ್ಯ. ಬಾಟಲಿಯನ್ನು ಹಸುಗೂಸಿನಂತೆ ಎರಡು ಕೈಯಲ್ಲಿ ಎತ್ತುತ್ತಿದ್ದ. ಅವನು ಸಬಲೇಗಿಗೆ ಬಂದದ್ದು ಕಮಾನು ಬಿದ್ದು ಎಷ್ಟೋ ವರ್ಷವಾದ ಮೇಲೆ. ನಮ್ಮ ಹಗೆಗೂ ಅವನಿಗೂ ಏನೂ ಸಂಬಂಧವಿರಲಿಲ್ಲ.

ಜನವರಿಯ ನಡುಬೇಸಿಗೆಯ ಸುಡುಬಿಸಿಲಲ್ಲಿ ಅವನು ಸೈಕಲ್ಲು ತುಳಿದುಕೊಂಡು ಒತೀಲಿಯಾಳ ಮನೆಗೆ ಬಂದ. ನಾನು ಜಗುಲಿಯಲ್ಲಿ ಕೂತು ಯೆರ್ಬಾ ಎಲೆಯ ಕಷಾಯ ಹೀರುತ್ತಿದ್ದೆ.

"ಅಮ್ಮಾ, ಕೆಳಗೆ ಇಪ್ಪತ್ತನಾಲ್ಕು ಡಿಗ್ರಿ ಇದೆ. ಜೂನ್‌ನಲ್ಲಿ ಚಳಿಗೆ ಹತ್ತು ಇತ್ತು. ಬಿರಡೆಗಳು ಒಸರ್ತಿವೆ. ಧಣಿಗೆ ಹೇಳಿದ್ರೆ, ನೀನೇನು ಎಂಜಿನಿಯರಾ, ಮುಚ್ಚು ಬಾಯಿ ಅಂತಾರೆ. ನೀವು ಒಂದು ಮಾತು ಹೇಳಿ. ಆ ಗಾಜಿನ ಮೇಲೆ ಮಣ್ಣು ಹೊದಿಸಿ, ಪಶ್ಚಿಮದ ಗೂಡು ಮುಚ್ಚಿಸಿದ್ರೂ ಸಾಕು."

"ನಾನು ಧಣಿ ಹೇಳಿದ ಹಾಗೆ ಕಟ್ಟಿದೀನಿ, ಎವಾರಿಸ್ತೊ."

ಅವನು ಅವಳನ್ನೇ ನೋಡಿದ. ವೈನ್ ಮೂಸಿಯೇ ಅದರ ವಯಸ್ಸು ಹೇಳುವವನಿಗೆ ಮನುಷ್ಯರ ಮನಸ್ಸು ತಿಳಿಯದೇ ಹೋಗುತ್ತದೆಯೇ?

"ನಿಮಗೆ ಮೊದಲೇ ಗೊತ್ತಿತ್ತು. ಲುಹಾನ್‌ನಲ್ಲಿ ನೀವು ಕಟ್ಟಿದ ಬೇರೆ ಮಾಳಿಗೆಗಳಿಗೆ ಹೋಗಿ ನೋಡಿದೀನಿ, ಒಂದೂ ಹೀಗಿಲ್ಲ. ಯಾಕಮ್ಮಾ? ಧಣಿ ಮೇಲೆ ಏನೋ ಇದೆ ನಿಮಗೆ, ಇರಲಿ, ನಾನು ಕೇಳಲ್ಲ. ಆದ್ರೆ ಆ ವೈನ್ ಮಾಡಿದ್ದು ಧಣಿ ಅಲ್ಲ, ನಾನು. ಅಂಥ ದ್ರಾಕ್ಷಿ ಹತ್ತು ವರ್ಷಕ್ಕೊಂದು ಸಲ ಬರುತ್ತೆ. ನನಗೆ ಐವತ್ತೆಂಟು."

ಅವನು ಟೊಪ್ಪಿ ಹಾಕಿಕೊಂಡು ಹೋದ. ನಾನು ಕಷಾಯ ಕೆಳಗಿಟ್ಟೆ. "ಇವನನ್ನಾದ್ರೂ ಉಳಿಸೋಣ..." ಅಂದೆ. "ಸಾತು, ಇದೊಂದು ವಿಷಯ ಮಾತಾಡಬೇಡ" ಅಂದಳು. ಅವತ್ತೇ ಅವಳು ಧಣಿಗೆ ಒಂದು ಕಾಗದ ಬರೆದಿದ್ದರೆ ಅರ್ಧ ವೈನ್ ಉಳಿಯುತ್ತಿತ್ತು. ಬರೆಯಲಿಲ್ಲ. ಬರಿ ಎಂದು ನಾನು ಹಟ ಹಿಡಿಯಲೂ ಇಲ್ಲ. ನಿಜ ಹೇಳಬೇಕೆಂದರೆ, ನನಗೂ ಆ ವೈನ್ ಸಾಯುವುದೇ ಬೇಕಿತ್ತು.

ಐದು ಬೇಸಿಗೆ ಕಳೆದವು. 1969ರ ಏಪ್ರಿಲ್‌ನಲ್ಲಿ ಹಬ್ಬದ ಊಟ. ಅಂಗಳದ ತುಂಬ ಕಾರು, ಅಗಲವಾದ ಕೆಂಡದ ಮೇಲೆ ಇಡೀ ಕರುಗಳು ಬೇಯುತ್ತಿದ್ದವು. ಬ್ಯೂನಸ್ ಐರಿಸ್‌ನಿಂದ ಹೋಟೆಲಿನವರು, ವ್ಯಾಪಾರಿಗಳು, ಇಬ್ಬರು ಮಂತ್ರಿಗಳು. ಮಾಳಿಗೆ ಕಟ್ಟಿದವಳೆಂದು ಒತೀಲಿಯಾಳಿಗೂ ಕರೆಯೋಲೆ ಬಂದಿತ್ತು. ನನ್ನನ್ನೂ ಕರೆದುಕೊಂಡು ಹೋದಳು. ಬಡಿಸಲು ನಿಂತವರು, ಕರು ತಿರುಗಿಸುವವರು ಎಲ್ಲ ಅಲ್ಲಿಯ ಹಳೆಯ ಕೆಲಸಗಾರರೇ.

ಧಣಿ ತಾನೇ ಮೊದಲ ಬಾಟಲಿಯ ಬಿರಡೆ ತೆಗೆದ. ಗ್ಲಾಸಿಗೆ ಬಿದ್ದದ್ದು ಕೆಂಪಲ್ಲ, ಕಂದು. ಮೂಗಿನ ಹತ್ತಿರ ಹಿಡಿದವನ ನಗು ಮಾಯವಾಯಿತು. ಎರಡನೆಯದು ತೆಗೆಸಿದ. ಮೂರನೆಯದು. ಹತ್ತನೆಯದರ ಹೊತ್ತಿಗೆ ಮೇಜಿನ ಮೇಲೆಲ್ಲ ಬೆಂದ ಒಣಹಣ್ಣಿನ, ಹುಳಿ ಹಿಡಿದ ವಾಸನೆ. ಹೋಟೆಲಿನವನೊಬ್ಬ ಕರವಸ್ತ್ರಕ್ಕೆ ಉಗಿದ. "ಸಲಾಡಿಗೆ ಹಾಕ್ಕೊಂಡ್ರೆ ಚೆನ್ನಾಗಿರುತ್ತೆ" ಎಂದು ಯಾರೋ ಪಿಸುಗುಟ್ಟಿದ್ದು ಕೊನೆಯ ಮೇಜಿನವರೆಗೂ ಕೇಳಿಸಿತು.

ನಾನು ಇಷ್ಟು ವರ್ಷ ಕಾದದ್ದು ಆ ಮುಖ ನೋಡುವುದಕ್ಕೇ. ನೋಡಿದೆ. ಹೊಟ್ಟೆ ತಣ್ಣಗಾಯಿತು. ಸುಳ್ಳು ಹೇಳುವುದಿಲ್ಲ.

ಅಷ್ಟರಲ್ಲಿ ಧಣಿ, "ಎವಾರಿಸ್ತೊ!" ಎಂದು ಅರಚಿದ. ಎವಾರಿಸ್ತೊ ಟೊಪ್ಪಿ ಕೈಯಲ್ಲಿ ಹಿಡಿದು ಮುಂದೆ ಬಂದ. ಧಣಿ ಗ್ಲಾಸಿನಲ್ಲಿದ್ದುದನ್ನು ಅವನ ಮುಖಕ್ಕೆ ಎರಚಿದ.

"ನನ್ನ ಅನ್ನ ತಿಂದು ನನ್ನ ಮನೆಗೇ ವಿಷ ಹಾಕಿದೆಯಲ್ಲೋ! ಸ್ವಾಮಿ, ನೋಡಿ ಎಲ್ಲರೂ, ಇವನೇ ಹಾಳು ಮಾಡಿದವನು. ನಾಳೆಯಿಂದ ಈ ಪ್ರಾಂತದಲ್ಲಿ ಇವನಿಗೆ ಯಾರೂ ದ್ರಾಕ್ಷಿ ತುಳಿಯೋ ಕೆಲಸ ಕೂಡ ಕೊಡಬಾರದು!"

ಎವಾರಿಸ್ತೊ ಮುಖ ಒರೆಸಿಕೊಳ್ಳಲಿಲ್ಲ. ಒತೀಲಿಯಾ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

"ಅವನನ್ನ ಬಿಡಿ. ವೈನ್ ಕೆಡಿಸಿದ್ದು ನಿಮ್ಮ ಮಾಳಿಗೆ. ಆಳ ಕಡಿಮೆ ಮಾಡಿಸಿದವರು ನೀವು, ಬಿಸಿಲಿಗೆ ತಂದವರು ನೀವು, ಗಾಜು, ಪಶ್ಚಿಮದ ಗೂಡು, ಅಗ್ಗಿಷ್ಟಿಕೆ, ಎಲ್ಲ ನೀವು. ಒಂದೊಂದಕ್ಕೂ ಸಹಿ ಹಾಕಿದೀರಿ. ಹೀಗೇ ಆಗುತ್ತೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಯಾಕೆ ಗೊತ್ತಾ? ನಾನು ತುಲ್ಲಿಯೊ ಮಾತ್ತಿಯುಸ್ಸಿ ಮಗಳು."

ಧಣಿ ಹುಬ್ಬು ಗಂಟಿಕ್ಕಿ ಅವಳನ್ನು ನೋಡಿದ. ಪಕ್ಕದಲ್ಲಿದ್ದ ಮ್ಯಾನೇಜರನ ಕಡೆ ತಿರುಗಿದ.

"ಯಾರ ಮಗಳಂತೆ?"

ನಾಟಕವಾಗಿರಲಿಲ್ಲ ಅದು. ಅವನಿಗೆ ನಿಜಕ್ಕೂ ಆ ಹೆಸರು ಮರೆತುಹೋಗಿತ್ತು. ಮೂವತ್ತೊಂದು ವರ್ಷ ಅವಳು ನುಂಗಿಕೊಂಡು ಬಂದ ಹೆಸರು. ನನ್ನ ಮುಂದೆ ಮಾಂಸ ಕೊಯ್ಯುವ ಚೂರಿ ಇತ್ತು. ಕೈ ತಾನಾಗಿ ಅದರ ಮೇಲೆ ಹೋಯಿತು. ಒತೀಲಿಯಾ ತಿರುಗಿ ನೋಡದೆಯೇ ನನ್ನ ಮಣಿಕಟ್ಟು ಹಿಡಿದಳು.

"ಬೇಡ ಸಾತು. ಹೆಸರು ಹೇಳು. ಎಲ್ಲರ ಹೆಸರೂ ಹೇಳು."

ನಾನು ಹೇಳಿದೆ. ಸೆಲ್ಸೊನ ಹೆಸರು, ಅವನ ಜೊತೆ ಸತ್ತವನ ಹೆಸರು, ಅಬುಂದಿಯೊನ ಹೆಸರು. ಯಾವ ದಿನ, ಯಾರು ಮೆಟ್ಟಿಲ ಮೇಲೆ ನಿಂತು ಬಿಚ್ಚಿ ಅಂದರು, ಯಾರು ಜೈಲಿಗೆ ಹೋದರು, ಯಾವ ಗುಲಾಬಿ ತೋಟದ ಕೆಳಗೆ ಆ ಇಟ್ಟಿಗೆಗಳು ಇನ್ನೂ ಇವೆ. ನನ್ನ ಗಂಟಲು ಒಡೆಯುವವರೆಗೆ ಹೇಳಿದೆ. ಕೆಂಡದ ಹತ್ತಿರ ನಿಂತಿದ್ದ ಒಬ್ಬ ಮುದುಕ, "ನಿಜ. ನಾನೂ ಅವತ್ತು ಇಲ್ಲೇ ಇದ್ದೆ" ಅಂದ. ಇನ್ನೊಬ್ಬ, "ನಾನೂ" ಅಂದ. ಅವರು ಆ ಮಾತು ಮೂವತ್ತೊಂದು ವರ್ಷ ಮುಂಚೆ ಹೇಳಬಹುದಿತ್ತು.

ಅತಿಥಿಗಳು ಒಬ್ಬೊಬ್ಬರಾಗಿ ಕಾರು ಹತ್ತಿದರು. ಧಣಿ ಖಾಲಿ ಮೇಜುಗಳ ನಡುವೆ ಕೂತ.

ಅವನು ಒತೀಲಿಯಾಳ ಮೇಲೆ ಮೊಕದ್ದಮೆ ಹಾಕಿದ. ನ್ಯಾಯಾಧೀಶರು ಮೊದಲಿನ ನಕ್ಷೆ ನೋಡಿದರು, ಬದಲಾಯಿಸಿದ ನಕ್ಷೆ ನೋಡಿದರು, ಸಹಿ ನೋಡಿದರು, ಮೊಕದ್ದಮೆ ವಜಾ ಮಾಡಿದರು. ಸಬಲೇಗಿ ಹೆಸರು ಹೇಳಿದರೆ ಬ್ಯೂನಸ್ ಐರಿಸ್‌ನಲ್ಲಿ ಜನ ನಗುತ್ತಿದ್ದರು. ಮೂರು ವರ್ಷದಲ್ಲಿ ಕಾರ್ಖಾನೆ ಬೇರೆಯವರ ಪಾಲಾಯಿತು. ತುಲ್ಲಿಯೊನ ಹೆಸರಿನ ಕಳಂಕ ಪೂರ್ತಿ ತೊಳೆದುಹೋಯಿತು ಎಂದು ಹೇಳಲಾರೆ. ಆದರೆ ನಮ್ಮಮ್ಮ ಸಾಯುವ ಮುಂಚೆ ನಿಜ ಕೇಳಿಸಿಕೊಂಡಳು.

ಒತೀಲಿಯಾಳಿಗೆ ಕೆಲಸ ನಿಂತಿತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವಳು ಎಂದು ದೊಡ್ಡ ಮಾಲೀಕರು ಹತ್ತಿರ ಸೇರಿಸಲಿಲ್ಲ. ನಾವು ನೀರಿನ ತೊಟ್ಟಿ, ಕೋಳಿಮನೆ ಕಟ್ಟಿ ಬದುಕಿದೆವು. ಎವಾರಿಸ್ತೊನ ಕೆಲಸವೂ ಹೋಗಿಯೇ ಹೋಯಿತು. ಅವಳು ಅವನ ಮನೆಗೆ ಹೋಗಿ ತಪ್ಪಾಯಿತು ಅಂದಳು. ಅವನು ಬಾಗಿಲಲ್ಲೇ ನಿಂತು, "ಅವನೂ ನನ್ನ ಮಾತು ಕೇಳಲಿಲ್ಲ, ನೀವೂ ಕೇಳಲಿಲ್ಲ. ನನಗೆ ಇಬ್ಬರೂ ಒಂದೇ" ಎಂದು ಬಾಗಿಲು ಹಾಕಿಕೊಂಡ. ಅವತ್ತು ಲಾರಿಯಲ್ಲಿ ಕೂತು ಅವಳು ಅತ್ತಳು.

"ಪಶ್ಚಾತ್ತಾಪ ಇದೆಯಾ ದೊನ್ಯಾ?" ಎಂದು ಕೇಳಿದೆ.

"ಇವನ ವಿಷಯಕ್ಕೆ ಇದೆ. ಸಾಯೋವರೆಗೂ ಇರುತ್ತೆ. ಧಣಿ ವಿಷಯಕ್ಕೆ? ಇನ್ನೊಂದು ಮಾಳಿಗೆ ಬೇಕು ಅಂತ ನಾಳೆ ಬರಲಿ, ಹಾಗೇ ಕಟ್ಟಿಕೊಡ್ತೀನಿ."

ಎರಡು ವರ್ಷದ ಮೇಲೆ ಸಾನ್ ರಫಾಯೆಲ್‌ನಿಂದ ಎವಾರಿಸ್ತೊನ ಚೀಟಿ ಬಂತು. ಅಲ್ಲಿ ಒಂದು ಸಣ್ಣ ಕಾರ್ಖಾನೆಯವರು ಅವನನ್ನು ಇಟ್ಟುಕೊಂಡಿದ್ದರು. "ಮಾಳಿಗೆ ತೋಡಿಸುತ್ತಿದ್ದಾರೆ, ಕಾಲುವೆಯ ಪಕ್ಕದಲ್ಲೇ ತೋಡಿಸುತ್ತಿದ್ದಾರೆ, ನನ್ನ ಮಾತು ಕೇಳುವುದಿಲ್ಲ, ನೀವು ಬಂದು ಹೇಳಿ. ನಿಮ್ಮನ್ನು ಕ್ಷಮಿಸಿಲ್ಲ, ಆದರೆ ನಿಮ್ಮಷ್ಟು ತಿಳಿದವರು ಬೇರೆ ಇಲ್ಲ." ಅಷ್ಟೇ ಬರೆದಿದ್ದ.

ಅವತ್ತೇ ಹೊರಟೆವು. ಅಲ್ಲಿನ ಮಾಲೀಕನ ಜೊತೆ ಅವಳು ಮೂರು ಗಂಟೆ ಜಗಳವಾಡಿದಳು. ಅವನ ನಕ್ಷೆಯನ್ನು ಅವನ ಕಣ್ಣೆದುರೇ ಹರಿದಳು. ಎವಾರಿಸ್ತೊ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದ. ಕೊನೆಗೆ ಮಾಲೀಕ, "ಆಯ್ತು ತಾಯಿ, ನಿಮಗೆ ಹೇಗೆ ಬೇಕೋ ಹಾಗೆ ಮಾಡಿ, ನನ್ನ ಪ್ರಾಣ ಬಿಡಿ" ಎಂದು ಎದ್ದುಹೋದ.

ನಾವು ಅಲ್ಲಿ ಏಳನೆಯ ಮೀಟರಿನಲ್ಲಿದ್ದಾಗ, ದೊನ್ ಇಲಾರಿಯೊ ಮಗಳ ಮನೆಯಲ್ಲಿ ತೀರಿಕೊಂಡ ಸುದ್ದಿಯನ್ನು ಇಟ್ಟಿಗೆ ಲಾರಿಯವನು ತಂದ. ಒತೀಲಿಯಾ ಗುಂಡಿಯೊಳಗಿಂದಲೇ ಕೇಳಿದಳು:

"ಯಾವಾಗ?"

"ಗುರುವಾರ."

ಅವಳು ಗೋಡೆಯ ಮಣ್ಣನ್ನು ಅಂಗೈಯಿಂದ ಒತ್ತಿ ನೋಡುತ್ತಾ, "ಸಾತು, ಇನ್ನೆರಡು ಮೀಟರ್ ಇಳೀಬೇಕು. ಇಲ್ಲಿ ಇನ್ನೂ ಬೆಚ್ಚಗಿದೆ" ಅಂದಳು.